ಬೆಟ್ಟಸ್ವಾಮಣ್ಣನ ಅಂಗಾಲು

ಕಾರು ಮತ್ತೆ ಅದುರಿತು. ಬೆಟ್ಟಸ್ವಾಮಣ್ಣನ ಶೆಡ್ಡಿನಿಂದ ಹೊರಟು ಇನ್ನೂ ಐದು ಕಿಲೋಮೀಟರ್ ಆಗಿರಲಿಲ್ಲ. ನಂಜನಗೂಡು ದಾಟಿ ಟಿ. ನರಸೀಪುರದ ರಸ್ತೆಗೆ ಬಿದ್ದು, ವೇಗ ನಲವತ್ತೈದಕ್ಕೆ ಬರುತ್ತಿದ್ದಂತೆ ನೆಲದ ತಗಡಿನಿಂದ ಆ ಹಾಳು ನಡುಕ ಎದ್ದಿತು. ಸದ್ದಿಲ್ಲ, ಹೊಗೆಯಿಲ್ಲ, ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪವೂ ಇಲ್ಲ. ಜ್ವರ ಬರುವ ಮುಂಚೆ ಮೈಗೆ ಬರುತ್ತದಲ್ಲ, ಅಂಥ ನಡುಕ. ಆಕ್ಸಲರೇಟರ್ ಬಿಟ್ಟರೆ ಇಲ್ಲ, ಒತ್ತಿದರೆ ಇದೆ. ಎರಡು ತಿಂಗಳಲ್ಲಿ ಮೂರನೆಯ ಸಲ ರಿಪೇರಿ ಮಾಡಿಸಿಕೊಂಡು ಬಂದಿದ್ದೆ. ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಕೂತೆ. ಕಚೇರಿಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಲೂ ಬೇಸರವಾಯಿತು.

ನಾನು ವನಿತಾ. ಹುಟ್ಟಿದ್ದು ಬನ್ನೂರಿನ ಹತ್ತಿರದ ಹಳ್ಳಿ, ಗಂಡನ ಕಾರ್ಖಾನೆ ಕೆಲಸದ ದೆಸೆಯಿಂದ ಇರುವುದು ನಂಜನಗೂಡು, ನನ್ನ ಕೆಲಸ ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಬಸ್ಸಿನ ಮೊದಲ ಮೆಟ್ಟಿಲು ಹತ್ತುವಷ್ಟರಲ್ಲಿ ಕಂಡಕ್ಟರ್ ಎರಡು ಸಲ ಸೀಟಿ ಊದಿರುತ್ತಾನೆ. ಕ್ಲಚ್ ತುಳಿಯಲು ಎಡಗಾಲು ಬೇಕು, ಆದ್ದರಿಂದ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರು. ಹನ್ನೊಂದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ಈಗ ಅದಕ್ಕೆ ಹದಿನಾರು ತುಂಬಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ. ದಿನಾ ಹೋಗಿ ಬರುವುದೇ ಅರವತ್ತು ಕಿಲೋಮೀಟರ್, ಕೋಪ ಬರದೆ ಇನ್ನೇನು ಬರಬೇಕು.

ಆದರೆ ನಾನು ಹೇಳಹೊರಟಿರುವುದು ಬೆಟ್ಟಸ್ವಾಮಣ್ಣನ ಕತೆ. ನಂಜನಗೂಡಿನ ಪಕ್ಕದ ಕಳಲೆಯವರು, ವಯಸ್ಸು ಐವತ್ತೊಂಬತ್ತು. ಚಿಕ್ಕಂದಿನಲ್ಲೇ ಮೈಸೂರಿಗೆ ಹೋಗಿ ಖಾಸಗಿ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಕಲಿತವರು. ನಂಜನಗೂಡಿನ ಊಟಿ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿ ಮೂವತ್ನಾಲ್ಕು ವರ್ಷವಾಯಿತು. ಶೆಡ್ಡಿನ ಹಿಂದೆಯೇ ಮನೆ. ಹಣೆಗೆ ವಿಭೂತಿ, ಜೇಬಿನಲ್ಲಿ ಬೀಗದಕೈಗಳ ಗೊಂಚಲು, ಮಾತು ಕಡಿಮೆ. ಬೇರೆ ಮೆಕ್ಯಾನಿಕ್ಕುಗಳು ನನ್ನ ಕಾರನ್ನು ನೋಡಿ, ಆಟೋಮ್ಯಾಟಿಕ್ಕು ನಮಗೆ ಬೇಡ, ಮೈಸೂರಿಗೆ ತಗೊಂಡು ಹೋಗಿ ಎಂದಿದ್ದಾಗ ಇವರೊಬ್ಬರು, "ಇದುಕ್ಕೂ ನಾಕೇ ಚಕ್ರ ತಾನೆ ಮೇಡಮ್ಮೋರೆ, ನೋಡವ ಬುಡಿ," ಎಂದು ಬಾಗಿಲು ತೆಗೆದು ಕೂತಿದ್ದರು. ಆ ಒಂದು ಮಾತಿಗೆ ನಾನು ಹನ್ನೊಂದು ವರ್ಷ ಬೇರೆ ಕಡೆ ಹೋಗಲಿಲ್ಲ.

ಗಾಡಿ ಓಡಿಸಿ ನೋಡಲು ಹೊರಟರೆ ಅವರು ಮೊದಲು ಚಪ್ಪಲಿ ಬಿಡುತ್ತಾರೆ. ಶೆಡ್ಡಿನ ಬಾಗಿಲಲ್ಲಿ ಜೋಡಿಸಿಟ್ಟು, ಕಾರಿನ ಮ್ಯಾಟನ್ನು ತೆಗೆದು ಆಚೆಗೆಸೆದು, ಬರಿಯ ಅಂಗಾಲನ್ನು ನೆಲಕ್ಕೆ ಊರಿ ಕೂರುತ್ತಾರೆ. ಆಮೇಲೆ ಮಾತಿಲ್ಲ. ಒಮ್ಮೆ ತಲಕಾಡಿನ ಕಡೆಯ ಹುಚ್ಚಯ್ಯ ಎಂಬುವರ ಕಬ್ಬಿನ ಲಾರಿ ಬಂದಿತ್ತಂತೆ. ಮೂರು ಕಡೆ ಗೇರ್‌ಬಾಕ್ಸ್ ಬಿಚ್ಚಿ ಹಾಕಿದ್ದರೂ ಅದರ ಗುರುಗುಟ್ಟುವಿಕೆ ಹೋಗಿರಲಿಲ್ಲ. ಇವರು ಒಂದು ಮೈಲಿ ಓಡಿಸಿ ಇಳಿದು, ಹಿಂದಿನ ಬಲಗಡೆಯ ಬೇರಿಂಗು ಎಂದರು. ಬಿಚ್ಚಿದರೆ ಅದೇ. ಇದು ಯಾರೋ ಹೇಳಿದ ಕತೆ, ನಾನು ನಂಬುತ್ತಿರಲಿಲ್ಲ, ಆದರೆ ನನ್ನ ಕಾರಿನಲ್ಲೇ ಹತ್ತಾರು ಸಲ ಹಾಗೆ ಹೇಳಿದ್ದನ್ನು ಕಂಡಿದ್ದೇನೆ. ತಾನು ಕೂತು, ಕಾಲಿಟ್ಟು, ಸರಿ ಅನಿಸದ ಹೊರತು ಗಾಡಿಯ ಕೀ ಕೊಡುವವರಲ್ಲ ಅವರು.

ಅಂಥವರು ಈ ಸಲ ಮೂರು ಬಾರಿ ಕೀ ಕೊಟ್ಟರು, ಮೂರು ಬಾರಿಯೂ ಗಾಡಿ ಅದುರಿತು. ಮೊದಲನೆಯ ಸಲ ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿದರು. ಎರಡನೆಯ ಸಲ ಇಂಜಿನ್ ಕೂರುವ ರಬ್ಬರ್ ಮೌಂಟಿಂಗುಗಳನ್ನೆಲ್ಲ ಹೊಸದು ಹಾಕಿದರು. ಮೂರನೆಯ ಸಲ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದರು. ಪ್ರತಿ ಸಲವೂ ಅವರೇ ಓಡಿಸಿ ನೋಡಿ, "ಏನೂ ಇಲ್ಲ ಕಣ್ಮೇಡಮ್ಮೋರೆ, ಬೆಣ್ಣೆಯಂಗೆ ಓಯ್ತಾ ಅದೆ," ಎಂದರು.

ಆ ಹುಣಸೆಮರದಿಂದ ಗಾಡಿ ತಿರುಗಿಸಿಕೊಂಡು ನೇರ ಶೆಡ್ಡಿಗೆ ಹೋದೆ. "ಬೆಣ್ಣೆಯಂತೆ ಬೆಣ್ಣೆ. ಪಕ್ಕದಲ್ಲಿ ಕೂತ್ಕೊಳ್ಳಿ, ತೋರಿಸ್ತೀನಿ," ಎಂದೆ. ಕೂತರು. ಐವತ್ತರಲ್ಲಿ ನಡುಕ ಬಂತು. ನನ್ನ ಎಡಗಾಲಿನ ಮೂಳೆಯವರೆಗೆ ಬರುತ್ತಿತ್ತು.

"ಈಗ ಗೊತ್ತಾಯ್ತಾ?"

ಅವರು ಕಿಟಕಿಯಾಚೆ ನೋಡುತ್ತಾ, "ರೋಡು ಅಂಗದೆ ಕಣ್ಮೇಡಮ್ಮೋರೆ. ರೋಡಾ ಇದು?" ಎಂದರು.

ನನಗೆ ರೇಗಿತು. ಸುಸ್ತಾದವರಿಗೆ ಬರುವ ಕೋಪ ಕೆಟ್ಟದ್ದು, ಎಲ್ಲಿ ತಗಲುತ್ತದೆ ಎಂದು ನೋಡುವುದಿಲ್ಲ. "ನಿಮಗೆ ವಯಸ್ಸಾಯ್ತು ಬಿಡಿ ಬೆಟ್ಟಸ್ವಾಮಣ್ಣ. ಕೈಲಾಗಲ್ಲ ಅಂದರೆ ಕೈಲಾಗಲ್ಲ ಅಂತ ಹೇಳಬೇಕು, ರಸ್ತೆ ಮೇಲೆ ಹಾಕಬಾರದು," ಎಂದುಬಿಟ್ಟೆ. ಅವರು ಶೆಡ್ಡಿನ ಮುಂದೆ ಇಳಿದು ಚಪ್ಪಲಿಗೆ ಕಾಲು ತೂರಿಸಿಕೊಳ್ಳಲು ಮೂರು ಸಲ ತಡಕಾಡಿದರು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಆ ಭಾನುವಾರ ನಮ್ಮವರು ಕಾರನ್ನು ಮೈಸೂರಿನ ಒಂದು ದೊಡ್ಡ ಗ್ಯಾರೇಜಿಗೆ ಒಯ್ದರು. ಇಸ್ತ್ರಿ ಮಾಡಿದ ಅಂಗಿಯ ಹುಡುಗನೊಬ್ಬ ಕಂಪ್ಯೂಟರಿನ ವೈರು ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಏನೂ ಬರುತ್ತಿಲ್ಲ, ಅಂದಮೇಲೆ ಗೇರ್‌ಬಾಕ್ಸೇ ಹೋಗಿರಬೇಕು ಎಂದನಂತೆ. ಹಳೆಯ ಮಾಡಲ್, ಗೇರ್‌ಬಾಕ್ಸ್ ಸಿಗುವುದು ಕಷ್ಟ, ಗುಜರಿಗೆ ಹಾಕಿ ಎಂದು ಸಲಹೆಯನ್ನೂ ಕೊಟ್ಟನಂತೆ. ನಮ್ಮವರು ಮನೆಗೆ ಬಂದು, "ಮಾರಿಬಿಡೋಣ ಕಣೇ. ಆಫೀಸಿಗೆ ಯಾರನ್ನಾದರೂ ಗೊತ್ತು ಮಾಡಿದರಾಯಿತು," ಎಂದರು. ಯಾರನ್ನಾದರೂ ಗೊತ್ತು ಮಾಡಿದರಾಯಿತಂತೆ. ಹನ್ನೊಂದು ವರ್ಷ ಯಾರಿಗೂ ಕಾಯದೆ, ಯಾರ ಕೈಯನ್ನೂ ಹಿಡಿಯದೆ ಹೋಗಿ ಬಂದಿದ್ದೇನೆ. ಅಂದು ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ.

ಎರಡನೆಯ ಶನಿವಾರ ರಜೆಯಿತ್ತು. ಬೆಳಿಗ್ಗೆ ಹತ್ತಕ್ಕೆ ಮತ್ತೆ ಬೆಟ್ಟಸ್ವಾಮಣ್ಣನ ಶೆಡ್ಡಿಗೆ ಹೋದೆ. ಹೋಗಲು ನಾಚಿಕೆಯಾಗುತ್ತಿತ್ತು, ಬೇರೆ ದಾರಿಯೂ ಇರಲಿಲ್ಲ. ಅವರ ಹೆಂಡತಿ ವಿಶಾಲಮ್ಮ ಶೆಡ್ಡಿನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಬನ್ನಿ ವನಿತಮ್ಮ. ನಿಮ್ ಗಾಡಿ ಯೋಚ್ನೇಲಿ ಇವ್ರು ನಿದ್ದೆನೇ ಮಾಡ್ತಿಲ್ಲ ನೋಡಿ," ಎಂದರು. ಬೆಟ್ಟಸ್ವಾಮಣ್ಣ ನನ್ನ ಮುಖ ನೋಡದೆ ಚಪ್ಪಲಿ ಬಿಟ್ಟು, ಹಿತ್ತಲಿಗೆ ಹೋಗಿ ಕೈ ತೊಳೆದು ಬಂದು, ಒಬ್ಬರೇ ಕಾರು ತೆಗೆದುಕೊಂಡು ಹೋದರು. ಅರ್ಧ ಗಂಟೆಯಾದ ಮೇಲೆ ಬಂದರು. ಅಷ್ಟರಲ್ಲಿ ವಿಶಾಲಮ್ಮ ಮೊರ ಎತ್ತಿಕೊಂಡು ಒಳಗೆ ಹೋಗಿದ್ದರು.

ಅವರು ಇಳಿದು ನನ್ನ ಕಡೆ ನಡೆದು ಬರುವಾಗ ಸಿಮೆಂಟಿನ ನೆಲದ ಮೇಲೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಕೆಂಪಗೆ ಅಂಟುತ್ತಿತ್ತು. ಮೊದಲು ಎಣ್ಣೆ ಅಂದುಕೊಂಡೆ.

"ಕಾಲಿಗೇನಾಯ್ತು ಬೆಟ್ಟಸ್ವಾಮಣ್ಣ?"

"ಯಾಕೆ, ಏನೂ ಇಲ್ವಲ್ಲ," ಎಂದು ಕೆಳಗೆ ನೋಡಿದರು. ಟೈರಿನ ಮೇಲೆ ಕೂತು ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಹಿಮ್ಮಡಿಯ ಹತ್ತಿರ ಒಂದು ಜಾಲಿಮುಳ್ಳು ಬುಡದವರೆಗೆ ನಾಟಿಕೊಂಡಿತ್ತು. ಹಿತ್ತಲಿನಲ್ಲಿ ತುಳಿದದ್ದಿರಬೇಕು. ಅದೇ ಕಾಲಿನಲ್ಲಿ ಅರ್ಧ ಗಂಟೆ ಆಕ್ಸಲರೇಟರ್ ಒತ್ತಿದ್ದಾರೆ, ಬ್ರೇಕ್ ತುಳಿದಿದ್ದಾರೆ. ಮುಳ್ಳನ್ನು ಇಕ್ಕಳದಿಂದ ಎಳೆದು ಬೆಳಕಿಗೆ ಹಿಡಿದು ನೋಡಿದರು. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

"ನಿಮ್ಮ ಕಾಲಿಗೆ ಗೊತ್ತಾಗ್ತಿಲ್ಲ, ಅಲ್ವಾ?" ಎಂದೆ.

ಅವರು ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ಧ್ವನಿ ತಗ್ಗಿಸಿದರು. "ಎಲ್ಡು ವರ್ಸ ಆಯ್ತು ಮೇಡಮ್ಮೋರೆ. ಶುಗರ್ರು. ಮೊದ್ಲು ಜುಮ್ಮಂತಿತ್ತು, ಆಮೇಲೆ ಅದೂ ನಿಂತೋಯ್ತು. ಕಿವಿ ಚೆನ್ನಾಗದೆ. ಸದ್ದು ಮಾಡೋ ಗಾಡೀನೆಲ್ಲ ಕಿವೀಲೇ ಇಡೀತಿದ್ದೆ, ಯಾರ್ಗೂ ಗೊತ್ತಾಗ್ನಿಲ್ಲ. ನಿಮ್ದು ಸದ್ದೇ ಮಾಡಲ್ವಲ್ಲ, ಏನ್ ಮಾಡನ."

"ಮತ್ತೆ ನನ್ನ ಜೊತೆ ಕೂತಾಗ ರೋಡು ಅಂದ್ರಲ್ಲ?"

"ನೀವು ಅದುರ್ತದೆ ಅಂದ್ರಿ. ನಂಗೇನೂ ಆಗ್ನಿಲ್ಲ. ಏನಾರ ಒಂದು ಯೋಳ್ಬೇಕಲ್ಲ."

ನನಗೆ ಅಳು ಬಂತು. ಅವರ ಕಾಲಿಗಾಗಿಯೋ, ನಾನು ಆಡಿದ ಮಾತಿಗಾಗಿಯೋ ಹೇಳಲಾರೆ. ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದೆ. ಮಾತ್ರೆ ನುಂಗುತ್ತೇನೆ, ಕಾಲಿನ ವಿಷಯ ಹೇಳಿಲ್ಲ ಎಂದರು. ವಿಶಾಲಮ್ಮನಿಗೆ? ಅವರಿಗಂತೂ ಇಲ್ಲವೇ ಇಲ್ಲ. ವಿಶಾಲಮ್ಮನ ತಂದೆಯ ಕಾಲನ್ನು ಇದೇ ಕಾಯಿಲೆಯಲ್ಲಿ ತೆಗೆದಿದ್ದರಂತೆ. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ. "ಅವ್ಳೇ ಅವರಪ್ಪನ ಕಾಲು ತೊಳ್ದು ಬಟ್ಟೆ ಕಟ್ಟಿದೋಳು. ಇದು ಗೊತ್ತಾದ್ರೆ ಉಣ್ಣದೂ ಬುಟ್ಬುಡ್ತಾಳೆ. ಅಲ್ದೆ ಬೆಟ್ಟಸ್ವಾಮಿ ಕಾಲು ಓಯ್ತಂತೆ ಅಂತ ಊರಲ್ಲಿ ಮಾತು ಎದ್ರೆ ಈ ಶೆಡ್ಡಿಗೆ ಯಾರ್ ಬತ್ತಾರೆ? ನಂಗೆ ಬೇರೆ ಏನ್ ಬತ್ತದೆ? ಈ ಗಾಡಿ ಒಂದು ಸರಿ ಮಾಡ್ಬುಡ್ತೀನಿ. ಅದಾಗ್ನಿಲ್ಲ ಅಂದ್ರೆ ಶೆಡ್ ಬಾಗ್ಲು ಎಳ್ಕತೀನಿ. ಆಗ ಅವ್ಳಿಗೂ ನಾನೇ ಯೋಳ್ತೀನಿ, ನೀವು ಯೋಳ್ಬೇಡಿ," ಎಂದರು.

ಹಳೇ ಬಟ್ಟೆ ಹರಿದು ಅವರ ಹಿಮ್ಮಡಿಗೆ ಕಟ್ಟಿದೆ. ಕಟ್ಟುತ್ತಿದ್ದಾಗ ಅವರು ನನ್ನ ಎಡಗಾಲನ್ನು ನೋಡುತ್ತಿದ್ದರು. ನನ್ನ ಕಾಲನ್ನು ಯಾರಾದರೂ ದಿಟ್ಟಿಸಿದರೆ ನನಗೆ ಆಗುವುದಿಲ್ಲ. ಆದರೆ ಅವರ ನೋಟ ಕನಿಕರದ್ದಾಗಿರಲಿಲ್ಲ.

"ಆ ಕಾಲ್ಗೆ ನಿಮ್ಗೆ ಗೊತ್ತಾಯ್ತದಾ ಮೇಡಮ್ಮೋರೆ?"

"ಸೊಳ್ಳೆ ಕೂತರೂ ಗೊತ್ತಾಗ್ತದೆ. ಎಲ್ಲರೂ ಇದು ಸತ್ತ ಕಾಲು ಅಂದುಕೊಳ್ತಾರೆ. ಪೋಲಿಯೊ ಶಕ್ತಿ ಕಿತ್ತುಕೊಳ್ಳುತ್ತೆ ಅಷ್ಟೆ, ಸ್ಪರ್ಶ ಇರುತ್ತೆ."

"ನಿಮ್ ಗಾಡೀಲಿ ಆ ಕಾಲ್ಗೆ ಕೆಲ್ಸಾನೂ ಇಲ್ಲ," ಎಂದರು ತಮ್ಮಷ್ಟಕ್ಕೆ ತಾವೇ. "ಸುಮ್ನೆ ನೆಲ್ದ ಮ್ಯಾಲೆ ಇರ್ತದೆ." ಎದ್ದು ನಿಂತು ಮ್ಯಾಟ್ ಎಳೆದು ಆಚೆಗೆ ಹಾಕಿದರು. "ಚಪ್ಲಿ ಬುಟ್ಟು ಕುಂತ್ಕಳಿ. ನೀವೇ ಓಡ್ಸಿ, ನಾನು ಕೇಳ್ತೀನಿ, ನೀವು ಯೋಳಿ."

ಹಾಗೆ ಹೊರಟೆವು. ಕಬ್ಬಿನ ಗಾಡಿಗಳ ಹಿಂದೆ ನಿಧಾನವಾಗಿ ಊರು ದಾಟಿ, ಖಾಲಿ ರಸ್ತೆ ಸಿಕ್ಕ ಮೇಲೆ ವೇಗ ಏರಿಸಿದೆ. ನಲವತ್ತೈದಕ್ಕೆ ನಡುಕ ಬಂತು.

"ಬಂತು," ಎಂದೆ.

"ಎಲ್ಲಿ?"

"ಕಾಲಲ್ಲಿ."

"ಕಾಲಲ್ಲಿ ಅಂದ್ರೆ ಆಗಲ್ಲ. ಹೆಬ್ಬೆಟ್ಟಲ್ಲೋ, ಹಿಮ್ಮಡೀಲೋ?"

ನಲವತ್ತಾರು ವರ್ಷದಲ್ಲಿ ಆ ಕಾಲಿನ ಬಗ್ಗೆ ನನ್ನನ್ನು ಯಾರೂ ಇಷ್ಟು ವಿವರವಾಗಿ ಕೇಳಿರಲಿಲ್ಲ. ಯೋಚಿಸಿ, "ಬೆರಳಿನ ಕಡೆ. ಮುಂದುಗಡೆ," ಎಂದೆ.

"ಸ್ಟೇರಿಂಗಲ್ಲಿ ಕೈಗೆ ಬತ್ತದಾ?"

"ಇಲ್ಲ."

"ಅಂದ್ರೆ ಚಕ್ರದ್ದಲ್ಲ. ಆಕ್ಸಲರೇಟರ್ ಬುಡಿ. ಈಗ?"

"ನಿಂತಿತು."

"ಮತ್ತೆ ಕೊಡಿ. ಬಂತಾ? ಸರಿ. ಈಗ ಪಕ್ಕಕ್ಕೆ ನಿಲ್ಸಿ, ನ್ಯೂಟ್ರಲ್‌ಗೆ ಆಕಿ ಜೋರಾಗಿ ಆಕ್ಸಲರೇಟರ್ ಕೊಡಿ."

ಕೊಟ್ಟೆ. ಇಂಜಿನ್ ಕೂಗಿತು, ನೆಲ ಸುಮ್ಮನಿತ್ತು.

"ಇಂಜಿನ್ದೂ ಅಲ್ಲ, ಮೌಂಟಿಂಗೂ ಅಲ್ಲ. ಎಳೀವಾಗ ಮಾತ್ರ ಬತ್ತದೆ," ಎಂದು ಅವರು ಕಣ್ಣು ಮುಚ್ಚಿದರು. ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ತಲೆಯೊಳಗೆ ಇಡೀ ಕಾರು ಬಿಚ್ಚಿ ಹರಡಿಕೊಂಡಿತ್ತು, ಕಾಲಿನಿಂದ ಬರಬೇಕಾದ ಸುದ್ದಿ ಮಾತ್ರ ನಿಂತುಹೋಗಿತ್ತು. ನನಗೆ ಆ ಹೊತ್ತು ತುಂಬ ಸಂಕಟವಾಯಿತು.

ಆಮೇಲೆ ಸೀಟು ಬದಲಾಯಿಸಿಕೊಂಡೆವು. ಅವರು ಓಡಿಸಿದರು, ನಾನು ಎಡಗಡೆ ಕೂತು ಕಾಲನ್ನು ಮುಂದಕ್ಕೆ ಚಾಚಿದೆ. ಕೈಯಿಂದ ಎತ್ತಿ ಇಡಬೇಕು ಅದನ್ನು. ವೇಗ ಐವತ್ತಕ್ಕೆ ಬರುತ್ತಿದ್ದಂತೆ ಹಲ್ಲು ಕಚ್ಚುವಷ್ಟು ಜೋರಾಗಿ ಬಂತು. "ಈ ಕಡೆಯೇ. ಆ ಕಡೆಗಿಂತ ದುಪ್ಪಟ್ಟು," ಎಂದೆ.

"ಎಡಗಡೆ ಆಕ್ಸಲ್ಲು. ಗೇರ್‌ಬಾಕ್ಸ್ ಕಡೆ ತುದಿ," ಎಂದರು ಅವರು ತಡಮಾಡದೆ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಕಬ್ಬಿಣದ ದಂಡ ಅದು. ಅದರ ಒಳತುದಿಯ ಕೀಲಿಗೆ ಗ್ರೀಸ್ ತುಂಬಿ ಮೇಲೆ ರಬ್ಬರಿನ ಗವಸು ಹಾಕಿರುತ್ತಾರೆ. "ಆದ್ರೆ ಅದ ನಾನು ಮೊದ್ಲೇ ನೋಡಿವ್ನಿ ಮೇಡಮ್ಮೋರೆ. ಅಲ್ಲಿ ಕಣ್ಗೆ ಕಾಣಾಕಿಲ್ಲ, ಕೆಳ್ಗಿಂದ ಕೈ ತೂರ್ಸಿ ಮುಟ್ಟೇ ನೋಡ್ಬೇಕು. ಮುಟ್ಟಿವ್ನಿ. ರಬ್ಬರ್ ಗಟ್ಟಿಯಾಗೇ..."

ಮಾತು ಅಲ್ಲಿಗೇ ನಿಂತಿತು. ಅವರು ಸ್ಟೇರಿಂಗಿನ ಮೇಲಿದ್ದ ತಮ್ಮ ಬೆರಳುಗಳನ್ನು ನೋಡಿಕೊಂಡರು. ನಾನೂ ನೋಡಿದೆ. ಆಮೇಲೆ ಅವರು ಗಾಡಿಯನ್ನು ಶೆಡ್ಡಿನ ಕಡೆ ತಿರುಗಿಸಿದರು.

ಕಾರನ್ನು ಶೆಡ್ಡಿನ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನೂ ಬಿಚ್ಚಿ ಲೈಟು ಬಿಟ್ಟರು. ನಾನು ಮೇಲೆ ಸ್ಟೂಲಿನ ಮೇಲೆ ಕೂತು ಬಗ್ಗಿ ನೋಡುತ್ತಿದ್ದೆ. ಆಕ್ಸಲಿನ ತುದಿಯಲ್ಲಿ ಕಪ್ಪಗೆ, ಗುಂಡಗೆ, ಗಟ್ಟಿಯಾಗಿ ಏನೋ ಇತ್ತು. ನನಗೂ ರಬ್ಬರೇ ಅನಿಸಿತು. ಅವರು ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಕೆದಕಿದರು. ಒಂದು ಎಳೆ ಎದ್ದಿತು. ಹಿಡಿದು ಎಳೆದರು, ಅದು ಬರುತ್ತಲೇ ಹೋಯಿತು, ಮೊಳದುದ್ದ, ಮಾರುದ್ದ. ಗ್ರೀಸಿನಲ್ಲಿ ನೆನೆದು, ದೂಳು ಕುಡಿದು, ಒತ್ತಿ ಒತ್ತಿ ಗಟ್ಟಿಯಾದ ಒಣಬಳ್ಳಿ. ಅದರ ಅಡಿಯಲ್ಲಿದ್ದ ರಬ್ಬರ್ ಹರಿದು ಚಿಂದಿಯಾಗಿತ್ತು, ಕೀಲು ಒಣಗಿ ಸವೆದಿತ್ತು.

"ರಬ್ಬರಲ್ಲ ಕಣ್ಮೇಡಮ್ಮೋರೆ. ಉಳ್ಳಿ ಸೆತ್ತೆ," ಎಂದರು.

ಹುರುಳಿಯ ಕಡ್ಡಿಕಸ. ನನ್ನ ಕಿವಿ ಬಿಸಿಯಾಯಿತು. ಗಾಡಿ ಎಲ್ಲಾದರೂ ಗುಂಡಿಗೆ ಬಿದ್ದಿತ್ತಾ, ಕಲ್ಲಿಗೆ ತಾಗಿತ್ತಾ ಎಂದು ಅವರು ಮೊದಲ ದಿನವೇ ಕೇಳಿದ್ದರು. ಇಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದ್ದೆ. ಹುರುಳಿಯ ನೆನಪೇ ಬಂದಿರಲಿಲ್ಲ. ಸಂಕ್ರಾಂತಿ ಆದ ಮೇಲೆ ಊರಿಗೆ ಹೋಗಿದ್ದಾಗ ನನ್ನ ತಮ್ಮ ರಂಗಸ್ವಾಮಿ ಹುರುಳಿಯನ್ನು ರಸ್ತೆಗೆ ಹರಡಿದ್ದ. ನಮ್ಮ ಕಡೆ ಈಗ ಎಲ್ಲರೂ ಮಾಡುವುದೇ ಅದು, ಹೋಗಿ ಬರುವ ಗಾಡಿಗಳ ಚಕ್ರದಲ್ಲಿ ಒಕ್ಕಣೆ ಮುಗಿದುಹೋಗುತ್ತದೆ. ಅವತ್ತು ಬರಬೇಕಾಗಿದ್ದ ಟ್ರ್ಯಾಕ್ಟರ್ ಬರಲಿಲ್ಲ, ಮೋಡ ಬೇರೆ ಹಾಕಿತ್ತು. "ಅಕ್ಕ, ನಿನ್ ಗಾಡೀಲಿ ಒಂದೆಲ್ಡು ಸುತ್ತು ತಿರುಗ್ಸಕ್ಕ," ಎಂದ. ಒಂದೆರಡಲ್ಲ, ಒಂದು ಗಂಟೆ ತಿರುಗಿಸಿದೆ. ಮುಂದಕ್ಕೆ ಹೋಗುವುದು, ರಿವರ್ಸಿಗೆ ಹಾಕುವುದು, ಹಿಂದಕ್ಕೆ ಬರುವುದು. ಅಮ್ಮ ಜಗುಲಿಯ ಮೇಲೆ ನಿಂತು ನೋಡುತ್ತಿದ್ದಳು. ಚಿಕ್ಕಂದಿನಿಂದ ಮನೆಯವರು ನನ್ನನ್ನು ಹೊಲಕ್ಕೂ ಬಿಟ್ಟವರಲ್ಲ, ಕಣಕ್ಕೂ ಬಿಟ್ಟವರಲ್ಲ, ಕಾಲಿಲ್ಲದ ಮಗು ಒಂದು ಕಡೆ ಕೂತಿರಲಿ ಎಂದು ಕೂರಿಸಿದವರು. ಅಂದು ನಮ್ಮ ಮನೆಯ ಒಕ್ಕಣೆಯನ್ನು ನಾನೊಬ್ಬಳೇ ಮುಗಿಸಿದ್ದೆ. ಅಷ್ಟು ಸಂತೋಷ ನನಗೆ ಈಚೆಗೆ ಯಾವುದರಿಂದಲೂ ಆಗಿರಲಿಲ್ಲ.

ಇದನ್ನೆಲ್ಲ ಗುಂಡಿಯೊಳಗಿದ್ದ ಬೆಟ್ಟಸ್ವಾಮಣ್ಣನಿಗೆ ಹೇಳಿದೆ. ಅವರು ತಲೆ ಎತ್ತಿ, "ಆಟೋಮ್ಯಾಟಿಕ್ಕಲ್ಲಿ ಒಕ್ಕಣೆ ಮಾಡುದ್ರಾ?" ಎಂದು ನಕ್ಕರು. ಎರಡು ತಿಂಗಳಲ್ಲಿ ಅವರು ನಕ್ಕದ್ದನ್ನು ಅಂದೇ ಕಂಡದ್ದು. ಆಮೇಲೆ ನಗು ಮುಗಿಯಿತು.

"ತಪ್ಪು ನನ್ನದು ಬೆಟ್ಟಸ್ವಾಮಣ್ಣ. ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ."

"ನೀವು ಯೋಳಿದ್ರೂ ನಾನು ಕೇಳ್ತಿರ್ನಿಲ್ಲ. ನನ್ ಬೆರ್ಳು ರಬ್ಬರ್ ಅಂದಿತ್ತು, ನಾನು ಬೆರ್ಳಿನ ಮಾತೇ ಕೇಳ್ತಿದ್ದೆ," ಎಂದು ಸೆತ್ತೆಯನ್ನು ಬಿಡಿಸುತ್ತಾ ಕೂತರು. ಅದನ್ನು ಪೂರ್ತಿ ಬಿಡಿಸಲು ಒಂದು ಗಂಟೆ ಹಿಡಿಯಿತು.

ಮೈಸೂರಿನಿಂದ ಬೇರೆ ಆಕ್ಸಲ್ ಬರಲು ನಾಲ್ಕು ದಿನವಾಯಿತು. ಆ ನಾಲ್ಕು ದಿನ ನಾನು ಬಸ್ಸಿನಲ್ಲಿ ಹೋಗಿ ಬಂದೆ. ಸೊಂಟ ಬಿದ್ದುಹೋಗಿತ್ತು. ಗುರುವಾರ ಸಂಜೆ ಬಸ್ಸಿಳಿದು ಶೆಡ್ಡಿಗೆ ಹೋದಾಗ ಕಾರು ಸಿದ್ಧವಾಗಿ ರಸ್ತೆಯ ಕಡೆ ಮುಖ ಮಾಡಿ ನಿಂತಿತ್ತು. ಅವರು ಓಡಿಸಿ ನೋಡಿರಲಿಲ್ಲ, ನನಗೇ ಕಾದಿದ್ದರು. ಚಪ್ಪಲಿ ಬಿಟ್ಟು ಅವರು ಸ್ಟೇರಿಂಗ್ ಹಿಡಿದರು, ನಾನೂ ಚಪ್ಪಲಿ ಬಿಟ್ಟು ಎಡಗಡೆ ಕೂತೆ.

ಸೇತುವೆ ದಾಟಿದೆವು. ನಲವತ್ತು, ನಲವತ್ತೈದು, ಐವತ್ತು. ನೆಲ ತಣ್ಣಗೆ, ಸುಮ್ಮನೆ ಇತ್ತು. ಇಂಜಿನ್ನಿನ ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ನನ್ನ ಕಾಲಿಗೆ ಏನೂ ಬರಲಿಲ್ಲ. ಅವರ ಕಡೆ ತಿರುಗಿದೆ. ಅವರು ರಸ್ತೆಯನ್ನು ಬಿಟ್ಟು ಮತ್ತೆ ಮತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಓಯ್ತಾ?"

"ಹೋಯ್ತು."

ಇನ್ನೂ ಒಂದು ಮೈಲಿ ಹೋದರು. ವೇಗ ಇಳಿಸಿ ಮತ್ತೆ ಏರಿಸಿದರು. "ಓಯ್ತಾ ಮೇಡಮ್ಮೋರೆ? ಸಣ್ಣುಕ್ಕೂ ಇಲ್ವಾ?"

"ಇಲ್ಲ. ಪೂರ್ತಿ ಹೋಯ್ತು."

ಸುತ್ತೂರಿನ ಕಡೆ ತಿರುಗುವಲ್ಲಿ ಮತ್ತೆ ಕೇಳಿದರು. ನನ್ನ ಹಾಳು ಬುದ್ಧಿ ಎಲ್ಲಿ ಹೋಗುತ್ತದೆ. "ಎಷ್ಟು ಸಲ ಹೇಳಬೇಕ್ರೀ, ಹೋಯ್ತು ಅಂದರೆ ಹೋಯ್ತು. ನನ್ನ ಮೇಲೆ ನಂಬಿಕೆ ಇಲ್ವಾ?" ಎಂದೆ.

ಅವರು ಗಾಡಿ ನಿಲ್ಲಿಸಿದರು. "ನಂಬ್ಕೆ ಇಲ್ಲ ಅಂತಲ್ಲ ಮೇಡಮ್ಮೋರೆ," ಎಂದರು. "ಅದುರ್ತಿದ್ದಾಗ್ಲೂ ನಂಗೆ ಇಂಗೇ ಇತ್ತು. ಈಗ್ಲೂ ಇಂಗೇ ಅದೆ. ನಿಮ್ಮುನ್ನ ನಂಬ್ದೆ ಬೇರೆ ದಾರೀನೇ ಇಲ್ವಲ್ಲ, ಅದ್ಕೆ ಕೇಳ್ತಾ ಇವ್ನಿ."

ಗಾಡಿ ಸರಿಯಾಗಿತ್ತು. ಎರಡು ತಿಂಗಳು ನಾನು ಬೇಡಿಕೊಂಡದ್ದು ಅದೇ. ಒಂದಿಷ್ಟೂ ಖುಷಿಯಾಗಲಿಲ್ಲ. ಅವರು ಇಳಿದು, ಬಂದು ನನ್ನ ಕಡೆಯ ಬಾಗಿಲು ತೆಗೆದು, "ನೀವೇ ಓಡ್ಸಿ. ಮನೆಗೆ ಓಗವ," ಎಂದರು.

ಶೆಡ್ಡಿನ ಹಿಂದಿನ ಮನೆಯಲ್ಲಿ ದೀಪ ಹಚ್ಚಿದ್ದರು. ಸರಿಯಾಯಿತೆಂದು ವಿಶಾಲಮ್ಮನಿಗೆ ಹೇಳಿ ನಾನು ಹೊರಡುವವಳಿದ್ದೆ. ಬೆಟ್ಟಸ್ವಾಮಣ್ಣ, "ವಸಿ ಇರಿ ಮೇಡಮ್ಮೋರೆ," ಎಂದು ತಡೆದರು. ಗಾಡಿ ಸರಿಯಾಗಿದ್ದರೂ ಕಾಲಿನ ವಿಷಯ ಹೇಳಿಬಿಡಬೇಕು ಅನಿಸಿತ್ತು ಅವರಿಗೆ, ಒಬ್ಬರೇ ಹೇಳಲು ಧೈರ್ಯವಿರಲಿಲ್ಲ. ಜಗುಲಿಯ ಮೇಲೆ ಕೂತು, ಗಾಯದ ಬಟ್ಟೆ ಬಿಚ್ಚಿ, ಕಾಲನ್ನು ಮುಂದಕ್ಕೆ ಚಾಚಿ, "ವಿಶಾಲಿ, ಈ ಕಾಲು ನಂಗೆ ಗೊತ್ತಾಗಲ್ಲ. ಎಲ್ಡು ವರ್ಸಾಯ್ತು," ಎಂದರು.

ವಿಶಾಲಮ್ಮ ಅಳುತ್ತಾರೆ, ಬೈಯುತ್ತಾರೆ ಎಂದು ನಾನು ಕಾದೆ. ಅವರು ಕೈಯಲ್ಲಿದ್ದ ಸೌಟನ್ನು ಬಾಗಿಲ ಪಕ್ಕ ಇಟ್ಟು ಬಂದು ನೆಲದ ಮೇಲೆ ಕೂತರು. ಗಂಡನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಹೆಬ್ಬೆರಳಿನ ತುದಿಯನ್ನು ಉಗುರಿನಿಂದ ಒತ್ತಿದರು.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ."

ಅಂಗಾಲಿನ ಮಧ್ಯ ಒತ್ತಿದರು. ಹಿಮ್ಮಡಿ ಒತ್ತಿದರು. ಕಣಕಾಲಿನ ಸುತ್ತ ಒತ್ತಿದರು. ಆತುರವಿಲ್ಲದೆ, ಒಂದು ಬೆರಳಗಲವೂ ಬಿಡದೆ ಮೇಲಕ್ಕೆ ಹೋದರು. ಮೊದಲು ಅವರಪ್ಪನ ಕಾಲಿನಲ್ಲಿ ಮಾಡಿ ಅಭ್ಯಾಸವಿತ್ತೆಂದು ಕಾಣುತ್ತದೆ. ಇವರು ಪ್ರತಿ ಸಲವೂ ಇಲ್ಲ ಎನ್ನುತ್ತಿದ್ದರು. ಮೀನಖಂಡದ ಅರ್ಧಕ್ಕೆ ಬಂದಾಗ ಬೆಟ್ಟಸ್ವಾಮಣ್ಣ, "ಹ್ಞೂ. ಅಲ್ಲಿ ಗೊತ್ತಾಯ್ತದೆ," ಎಂದರು.

ವಿಶಾಲಮ್ಮ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. "ಇಷ್ಟ್ ದೂರ ಬಂದದಾ," ಎಂದರು. "ಒಂದೇ ಚಾಪೆ ಮ್ಯಾಲೆ ಮಲೀಕತಿದ್ವಲ್ಲ. ನಂಗೂ ಗೊತ್ತಾಗ್ನಿಲ್ಲ."